ಹೊಳೆಸಾಲಿನ ಎರೆ ಮಣ್ಣಿನ ಪರೀಕ್ಷೆ ಮತ್ತು ವರ್ಗೀಕರಣ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೃಷ್ಣಾ, ಭೀಮಾ, ಮಲಪ್ರಭಾ, ಘಟಪ್ರಭಾ ನದಿಗಳ ದಂಡೆಗುಂಟ, ಈಗಿನ ಪಾತ್ರಕ್ಕಿಂತ ಹಲವು ಮೀಟರ್ ಎತ್ತರದಲ್ಲಿ, ಮನೆಯ ಜಗಲಿಯಂತೆ ಸಮತಟ್ಟಾಗಿ ಹರಡಿದ ಜೇಡಿ ನೆಲವಿದೆ. ನದಿಯೇ ಹಿಂದೊಮ್ಮೆ ಹೊತ್ತು ತಂದು ಹಾಕಿ, ಆಮೇಲೆ ತಾನು ಇನ್ನೂ ಆಳಕ್ಕೆ ಕೊರೆದುಕೊಂಡು ಹೋದಾಗ ಮೇಲೆ ಉಳಿದ ನೆಲ ಇದು. ಭೂಗೋಳದ ಭಾಷೆಯಲ್ಲಿ ನದಿ ಜಗಲಿ. ಇಲ್ಲಿನ ಮಣ್ಣಿನ ವಿವರಣೆ ಬರೆದು ಕಳುಹಿಸುವ ವಿದ್ಯಾರ್ಥಿಗಳೂ ಕ್ಷೇತ್ರ ಸಹಾಯಕರೂ ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಿದ್ದಾರೆ. ಮಣ್ಣು ಕಪ್ಪಗಿದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಆದ್ದರಿಂದ ಇದು ವರ್ಟಿಸಾಲ್ (ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವ ಜೇಡಿ ಮಣ್ಣಿನ ವರ್ಗ) ಎಂದು ಮೊದಲ ಸಾಲಿನಲ್ಲೇ ಹೆಸರು ಬರೆದು, ಉಳಿದ ಅಂಕಣಗಳನ್ನು ಆ ಹೆಸರಿಗೆ ಹೊಂದುವಂತೆ ತುಂಬುತ್ತಾರೆ. ಹೆಸರು ಕೊನೆಯಲ್ಲಿ ಬರಬೇಕು. ಅದು ಬಣ್ಣದಿಂದ ಬರುವುದಿಲ್ಲ. ಮೊಣಕಾಲಿನಿಂದ ಎದೆಯ ಆಳದವರೆಗೆ ಮಣ್ಣು ತನ್ನೊಳಗೇ ಜಾರಿದೆಯೇ ಎಂಬುದನ್ನು ಕೈಯಿಂದ ಒಡೆದು ನೋಡಿದಾಗ ಬರುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲಿಯೇ ಮಾಡಬೇಕು.

ಹಂತ 1: ಕಾಲ ಮತ್ತು ಸಲಕರಣೆ

ಮೊದಲು ಕಾಲವನ್ನು ಆರಿಸಿಕೊಳ್ಳಿ. ಹಿಂಗಾರಿ ಜೋಳ ಅಥವಾ ಕಡಲೆ ಕೊಯ್ಲಾದ ನಂತರ, ಫೆಬ್ರುವರಿಯಿಂದ ಮಾರ್ಚ್ ನಡುವಿನ ದಿನಗಳು ಈ ಕೆಲಸಕ್ಕೆ ಅತ್ಯುತ್ತಮ. ಆಗ ಮೇಲಿನ ಮಣ್ಣು ಒಣಗಿ ಬಿರುಕು ತೆರೆದಿರುತ್ತದೆ, ಎರಡು ಅಡಿಯ ಕೆಳಗೆ ಇನ್ನೂ ಹದ ಇರುತ್ತದೆ. ಮಳೆಗಾಲದಲ್ಲಿ ಅಗೆದರೆ ಬಿರುಕೂ ಕಾಣದು, ಮಣ್ಣಿನ ರಚನೆಯೂ ಕಾಣದು. ಗೋಡೆಯೆಲ್ಲ ಮೆತ್ತಿಕೊಂಡ ಒಂದೇ ಮುದ್ದೆಯಾಗುತ್ತದೆ. ಮೇ ತಿಂಗಳಲ್ಲಿ ಹಾರೆಯೇ ಇಳಿಯುವುದಿಲ್ಲ.

ಬೇಕಾಗುವ ಸಾಮಾನುಗಳು ಹೆಚ್ಚಿಲ್ಲ: ಗುದ್ದಲಿ, ಪಿಕಾಸಿ, ಸಲಿಕೆ, ಹಾರೆ, ಆಗರ್ (ತಿರುಗಿಸಿ ಇಳಿಸಿ ಆಳದ ಮಣ್ಣು ತೆಗೆಯುವ ಕೊರೆ ಸಾಧನ), ಬುಟ್ಟಿ, ಅಗಲ ಅಲಗಿನ ಗಟ್ಟಿ ಚಾಕು, ಅಳತೆ ಟೇಪು, ಮೊಳೆಗಳು, ಮನ್ಸೆಲ್ ಬಣ್ಣದ ಪಟ್ಟಿ (ಮಣ್ಣಿನ ಬಣ್ಣವನ್ನು ಹೋಲಿಸಿ ಸಂಕೇತ ಬರೆಯಲು), ನೀರಿನ ಬಾಟಲಿ, ಸಾರ ಕಡಿಮೆ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲವಿರುವ ಹನಿಸೀಸೆ, ಕೋನ ಅಳೆಯುವ ಉಪಕರಣ ಅಥವಾ ಶಾಲೆಯ ಕೋನಮಾಪಕಕ್ಕೆ ತೂಗುದಾರ ಕಟ್ಟಿದ್ದು, ಭೂತಗನ್ನಡಿ, ದಪ್ಪ ಪ್ಲಾಸ್ಟಿಕ್ ಚೀಲಗಳು, ಪೆನ್ಸಿಲ್. ಪೆನ್ನಿನ ಶಾಯಿ ಒದ್ದೆ ಚೀಟಿಯ ಮೇಲೆ ಉಳಿಯದು, ಆದ್ದರಿಂದ ಪೆನ್ಸಿಲ್ ಕಡ್ಡಾಯ.

ಹಂತ 2: ಜಗಲಿಯನ್ನು ಗುರುತಿಸುವುದು

ಗುಂಡಿ ಎಲ್ಲಿ ತೋಡಬೇಕೆಂಬುದು ನಕಾಶೆಯ ಮುಂದೆ ಕುಳಿತಾಗ ಅರ್ಧ ಮಾತ್ರ ತೀರ್ಮಾನವಾಗುತ್ತದೆ. 1:50,000 ಪ್ರಮಾಣದ ಭೂಪಟದಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. ಜಗಲಿಯಿಂದ ಜಗಲಿಗೆ ಐದಾರು ಮೀಟರ್ ಮಾತ್ರ ವ್ಯತ್ಯಾಸವಿದ್ದರೆ ಅದು ಎರಡು ರೇಖೆಗಳ ನಡುವೆ ಅಡಗಿಹೋಗುತ್ತದೆ. ಆದ್ದರಿಂದ ಹೊಳೆಗೆ ಅಡ್ಡವಾಗಿ, ನೀರಿನ ಅಂಚಿನಿಂದ ಮಡ್ಡಿ ಭೂಮಿಯವರೆಗೆ ಒಂದು ನೇರ ಗೆರೆಯಲ್ಲಿ ನಡೆಯಿರಿ. ಡಂಪಿ ಲೆವೆಲ್ ಇದ್ದರೆ ಮಟ್ಟ ಅಳೆಯಿರಿ. ಇಲ್ಲದಿದ್ದರೆ ಎಲ್ಲಿ ಏರು, ಎಲ್ಲಿ ಸಮತಟ್ಟು, ಎಲ್ಲಿ ಮತ್ತೆ ಏರು ಎಂದು ಹೆಜ್ಜೆ ಎಣಿಸಿ ರೇಖಾಚಿತ್ರ ಬರೆದುಕೊಳ್ಳಿ.

ಈಗಲೂ ಪ್ರವಾಹ ಮುಚ್ಚುವ ಬಯಲನ್ನೂ ಹಳೆಯ ಜಗಲಿಯನ್ನೂ ಬೇರೆ ಮಾಡಲು ಊರಿನ ಹಿರಿಯರ ನೆನಪು ತುಂಬ ಉಪಯುಕ್ತ. ಮಲಪ್ರಭೆಯ ದಂಡೆಯಲ್ಲಿ 2009 ಮತ್ತು 2019ರ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದರೆ ಯಾವ ಬದುವಿನವರೆಗೆ ಎಂದು ಕೈ ಮಾಡಿ ತೋರಿಸುತ್ತಾರೆ. ಅಂಥ ಅಪರೂಪದ ದೊಡ್ಡ ಪ್ರವಾಹ ಕೆಳ ಜಗಲಿಯನ್ನೂ ಹತ್ತಬಹುದು. ಆದುದರಿಂದ ಸಾಧಾರಣ ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ತಪ್ಪದೆ ಕೇಳಿ. ನೀರಾವರಿಗಾಗಿ ನೆಲ ಸಮ ಮಾಡಿಸಿದ ಹೊಲ, ಹಳೆಯ ಇಟ್ಟಿಗೆ ಗೂಡಿನ ಜಾಗ, ಕೆರೆಯ ಹೂಳು ಹರಡಿದ ಹೊಲ, ಇವು ಮೂರೂ ಬೇಡ. ಬದುವಿನಿಂದ, ಕಾಲುವೆಯಿಂದ, ಮರದಿಂದ ಸಾಕಷ್ಟು ದೂರ, ಜಗಲಿಯ ನಡುಭಾಗವನ್ನು ಆರಿಸಿ.

ಹಂತ 3: ಗುಂಡಿ ತೆಗೆಯುವುದು

ಉದ್ದ ಕನಿಷ್ಠ 2 ಮೀಟರ್, ಅಗಲ 1 ಮೀಟರ್, ಆಳ 1.5 ಮೀಟರ್ ಇರಲಿ. ಉದ್ದ ಯಾಕೆ ಮುಖ್ಯವೆಂದರೆ, ಉಬ್ಬಿ ಕುಗ್ಗುವ ಜೇಡಿಯಲ್ಲಿ ಸ್ತರಗಳು ಸಮತಲವಾಗಿ ಸಾಗದೆ ಅಲೆಯಂತೆ ಏರಿಳಿಯುತ್ತವೆ. ಅರ್ಧ ಮೀಟರ್ ಅಗಲದ ಗುಂಡಿಯಲ್ಲಿ ಅಲೆಯ ಶಿಖರವನ್ನೋ ತಗ್ಗನ್ನೋ ಒಂದನ್ನು ಮಾತ್ರ ನೋಡಿ ಸ್ತರದ ದಪ್ಪ ಬರೆದರೆ ಆ ಅಂಕಿ ತಪ್ಪು. ವಿವರಿಸುವ ಗೋಡೆಗೆ ನೇರ ಬಿಸಿಲು ಬೀಳುವಂತೆ ದಿಕ್ಕು ನೋಡಿಕೊಳ್ಳಿ, ಆ ಬದಿಯ ಮೇಲೆ ಯಾರೂ ತುಳಿಯದಂತೆ ಹಗ್ಗ ಕಟ್ಟಿ.

ಮೇಲಿನ ಒಂದು ಅಡಿ ಮಣ್ಣನ್ನು ಒಂದು ಗುಡ್ಡೆಯಾಗಿ, ಕೆಳಗಿನದನ್ನು ಇನ್ನೊಂದು ಗುಡ್ಡೆಯಾಗಿ, ಅಂಚಿನಿಂದ ಒಂದು ಮೀಟರ್‌ಗಿಂತ ಆಚೆ ಹಾಕಿಸಿ. ಎರಡನ್ನೂ ಬೆರೆಸಬೇಡಿ.

ಇಲ್ಲಿ ಅಪಾಯದ ಮಾತನ್ನು ಒತ್ತಿ ಹೇಳಬೇಕು. ಎರೆ ಮಣ್ಣಿನ ಗೋಡೆ ಒಣಗಿದಾಗ ಕಲ್ಲಿನಂತೆ ಕಾಣುತ್ತದೆ, ಆದರೆ ಅದರೊಳಗೆ ಓರೆಯಾದ ಜಾರುಮುಖಗಳಿವೆ, ಅಂದರೆ ಮಣ್ಣಿನ ತುಂಡುಗಳು ಒಂದರ ಮೇಲೊಂದು ಜಾರಿ ಹೊಳಪಾದ ಮುಖಗಳು. ಒಂದೊಂದು ಮುಖವೂ ಮಣ್ಣು ಕಳಚಿ ಬೀಳಲು ಸಿದ್ಧವಾದ ದಾರಿ. ಅಂಚಿಗೆ ಸಮಾನಾಂತರವಾಗಿ ನೆಲದ ಮೇಲೆ ಹೊಸ ಕೂದಲೆಳೆಯ ಬಿರುಕು ಮೂಡಿದರೆ, ಗೋಡೆಯಿಂದ ಸಣ್ಣ ಹೆಂಟೆಗಳು ತಾವಾಗಿಯೇ ಉದುರತೊಡಗಿದರೆ, ಬುಡದಲ್ಲಿ ನೀರು ಜಿನುಗಿದರೆ ತಕ್ಷಣ ಹೊರಗೆ ಬನ್ನಿ. ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಲ್ಲಲಿ. 1.5 ಮೀಟರ್‌ಗಿಂತ ಆಳಕ್ಕೆ ಗುಂಡಿ ಇಳಿಸಬೇಡಿ. ಅದರ ಕೆಳಗಿನದನ್ನು ಆಗರ್ ಹಾಕಿ ನೋಡಿದರೆ ಸಾಕು. ಒಂದು ತುದಿಗೆ ಮೆಟ್ಟಿಲು ಬಿಡಿಸಿ. ಒಬ್ಬರೇ ಎಂದಿಗೂ ಇಳಿಯಬಾರದು, ಮೇಲೆ ಒಬ್ಬರು ನಿಂತಿರಲೇಬೇಕು.

ಹಂತ 4: ಗೋಡೆ ಸಿದ್ಧಪಡಿಸಿ ಸ್ತರ ಬೇರ್ಪಡಿಸುವುದು

ಅತಿ ಹೆಚ್ಚು ತಪ್ಪು ನಡೆಯುವ ಹಂತ ಇದು. ಸಲಿಕೆಯ ಅಲಗು ಹದವಿರುವ ಜೇಡಿಯ ಮೇಲೆ ಸವರಿದರೆ ಗೋಡೆ ಗಾಜಿನಂತೆ ಹೊಳೆಯುತ್ತದೆ. ಕೆಲಸದ ಮೊದಲ ವರ್ಷ ನಾನು ಆ ಹೊಳಪನ್ನೇ ಜಾರುಮುಖವೆಂದು ಬರೆದುಕೊಂಡು, 25 ಸೆಂಟಿಮೀಟರ್ ಆಳದಿಂದಲೇ ಅದು ಶುರುವಾಗುತ್ತದೆ ಎಂದು ದಾಖಲಿಸಿದ್ದೆ. ಮರುದಿನ ಗೋಡೆ ಒಣಗಿದ ಮೇಲೆ ಹೊಳಪೆಲ್ಲ ಹೋಗಿ ಬರಿ ಸಲಿಕೆಯ ಗೆರೆಗಳು ಉಳಿದಿದ್ದವು. ಆದ್ದರಿಂದ ಅಗೆದ ಗೋಡೆಯ ಮೇಲ್ಮೈಯನ್ನು ಐದಾರು ಸೆಂಟಿಮೀಟರ್ ಒಳಗೆ, ಚಾಕುವಿನ ತುದಿಯನ್ನು ಚುಚ್ಚಿ ಹೊರಕ್ಕೆ ಎಬ್ಬಿಸುತ್ತ, ಮೇಲಿನಿಂದ ಕೆಳಗೆ ಕೀಳುತ್ತ ಬನ್ನಿ. ಕೊಯ್ಯಬಾರದು, ಎಬ್ಬಿಸಬೇಕು. ಮಣ್ಣು ತನ್ನ ಸಹಜ ಸಂದಿನಲ್ಲಿ ಬಿಟ್ಟುಕೊಳ್ಳುವಂತಾಗಬೇಕು.

ನಂತರ ಎರಡು ಮೂರು ಹೆಜ್ಜೆ ಹಿಂದೆ ಸರಿದು ಇಡೀ ಗೋಡೆಯನ್ನು ಒಮ್ಮೆ ನೋಡಿ, ಚಾಕುವಿನ ಹಿಡಿಯಿಂದ ಮೇಲಿನಿಂದ ಕೆಳಗೆ ತಟ್ಟುತ್ತ ಬನ್ನಿ. ಬಣ್ಣ ಬದಲಾಗದಿದ್ದರೂ ಸದ್ದು ಬದಲಾಗುತ್ತದೆ. ವ್ಯತ್ಯಾಸ ಕಂಡಲ್ಲಿ ಮೊಳೆ ಚುಚ್ಚಿ. ಎರೆಯಲ್ಲಿ ಬಣ್ಣ ಮೀಟರ್ ಆಳದವರೆಗೂ ಒಂದೇ ಇರಬಹುದು, ಆದ್ದರಿಂದ ಸ್ತರಗಳನ್ನು ಬಣ್ಣಕ್ಕಿಂತ ರಚನೆ, ಗಟ್ಟಿತನ ಮತ್ತು ಸುಣ್ಣದ ಹರಳುಗಳ ಆಧಾರದ ಮೇಲೆ ಬೇರ್ಪಡಿಸಬೇಕು.

ಜಗಲಿ ಮಣ್ಣಿಗೇ ವಿಶೇಷವಾದ ಎಚ್ಚರಿಕೆಯೊಂದಿದೆ. ಗುಂಡಿಯ ತಳದಲ್ಲೋ ಆಗರಿನಲ್ಲೋ ಮರಳು, ಉರುಟಾದ ಹೊಳೆಗಲ್ಲುಗಳು ಸಿಕ್ಕರೆ ಅದನ್ನು ಈ ಜೇಡಿಯ ಮೂಲಶಿಲೆಯ ಪುಡಿ ಎಂದು ಬರೆಯಬೇಡಿ. ಅದು ನದಿ ಬೇರೊಂದು ಕಾಲದಲ್ಲಿ ಹಾಕಿದ ಬೇರೆ ನಿಕ್ಷೇಪ. ಸ್ತರದ ಸಂಕೇತಕ್ಕೆ ಮೊದಲು 2 ಸೇರಿಸಿ 2ಸಿ ಎಂದು ದಾಖಲಿಸಬೇಕು (ಸಿ ಎಂದರೆ ಹೆಚ್ಚು ಬದಲಾಗದ ತಳದ ಸ್ತರ). ಕಲ್ಲು ಚೂಪಾಗಿದ್ದು, ಬೆರಳಿನಲ್ಲಿ ಒತ್ತಿದರೆ ಪುಡಿಯಾಗಿ, ಮೂಲ ಬಂಡೆಯ ವಿನ್ಯಾಸ ಇನ್ನೂ ಕಾಣುತ್ತಿದ್ದರೆ ಮಾತ್ರ ಅದು ಗರಸು. ಹಾಗಿದ್ದರೆ ನೀವು ನಿಂತಿರುವುದು ಜಗಲಿಯ ಮೇಲೆ ಅಲ್ಲ. ಹಂತ 2ಕ್ಕೆ ಮರಳಿ.

ಹಂತ 5: ಪ್ರತಿ ಸ್ತರದ ಗುಣಗಳನ್ನು ದಾಖಲಿಸುವುದು

ಬಣ್ಣವನ್ನು ಒಣಗಿದ್ದಾಗಲೂ ತೇವವಾದಾಗಲೂ ಎರಡು ಸಲ ನೋಡಬೇಕು, ಬಿಸಿಲಿಗೆ ಬೆನ್ನು ಮಾಡಿ, ಬೆಳಗ್ಗೆ ಅಥವಾ ಸಂಜೆಯ ಕೆಂಪು ಬೆಳಕನ್ನು ಬಿಟ್ಟು. ಮನ್ಸೆಲ್ ಪಟ್ಟಿಯ 10ವೈಆರ್ 3/1 (ಬಹು ಗಾಢ ಬೂದು) ಅಥವಾ 3/2 (ಬಹು ಗಾಢ ಬೂದುಗಂದು) ಈ ಪ್ರದೇಶದಲ್ಲಿ ಸಾಮಾನ್ಯ. ಕಪ್ಪು ಬಣ್ಣವೆಂದರೆ ಸಾವಯವ ಅಂಶ ಹೇರಳ ಎಂದು ಅನೇಕರು ಬರೆಯುತ್ತಾರೆ. ಈ ಮಣ್ಣುಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಅದು ಜೇಡಿಯೊಂದಿಗೆ ಗಾಢವಾಗಿ ಬೆಸೆದಿರುವುದರಿಂದ ಸ್ವಲ್ಪವಿದ್ದರೂ ಮಣ್ಣು ಕಪ್ಪಾಗಿ ಕಾಣುತ್ತದೆ.

ಕಣಗಾತ್ರವನ್ನು ಬೆರಳಿನಿಂದ ಅಂದಾಜಿಸುವಾಗ ಅವಸರ ಬೇಡ. ಒಣ ಎರೆ ಹರಳು ಹರಳಾಗಿ ಮರಳಿನಂತೆ ತಗಲುತ್ತದೆ. ನಿಂಬೆಹಣ್ಣಿನಷ್ಟು ಮಣ್ಣು ತೆಗೆದುಕೊಂಡು ಹನಿ ಹನಿ ನೀರು ಹಾಕಿ, ಚಪಾತಿ ಹಿಟ್ಟಿನಂತೆ ಎರಡು ಮೂರು ನಿಮಿಷ ನಾದಬೇಕು. ಹರಳೆಲ್ಲ ಕರಗಿದ ಮೇಲಷ್ಟೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟ್ಟಿ ಎಳೆಯಿರಿ. ಪಟ್ಟಿ ತುಂಡಾಗದೆ 5 ಸೆಂಟಿಮೀಟರ್ ದಾಟಿದರೆ ಅದು ಜೇಡಿಯ ವರ್ಗ. ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ) ಹೆಚ್ಚಿದ್ದರೆ ಪಟ್ಟಿ ನುಣುಪಾಗಿ ಬಂದರೂ ಬೇಗ ಮುರಿಯುತ್ತದೆ.

ಆಮ್ಲದ ಹನಿಯನ್ನು ಮಣ್ಣಿನ ಮೈಗೆ ಒಮ್ಮೆ, ಸುಣ್ಣದ ಹರಳಿಗೆ ಒಮ್ಮೆ ಪ್ರತ್ಯೇಕವಾಗಿ ಹಾಕಿ ನೊರೆಯ ಪ್ರಮಾಣ ಬರೆಯಿರಿ. ಹರಳು ಗಟ್ಟಿಯಾಗಿ, ನಯವಾಗಿ, ಹೊರಮೈ ಕಪ್ಪಾಗಿದ್ದರೆ ಅದು ಬೇರೆಡೆಯಿಂದ ಉರುಳಿ ಬಂದದ್ದಿರಬಹುದು. ಮೆತ್ತಗಿದ್ದು, ಸುತ್ತಲಿನ ಮಣ್ಣಿನೊಂದಿಗೆ ಅಂಚು ಕಲಸಿಕೊಂಡಿದ್ದರೆ ಅಲ್ಲಿಯೇ ಹುಟ್ಟಿದ್ದು. ವರ್ಗೀಕರಣದಲ್ಲಿ ಎರಡನೆಯದಕ್ಕೇ ಬೆಲೆ.

ಇನ್ನು ಈ ಮಣ್ಣಿನ ಜೀವಾಳವಾದ ಜಾರುಮುಖ. ತಜ್ಞರು ಇದನ್ನು ಸ್ಲಿಕೆನ್‌ಸೈಡ್ ಎನ್ನುತ್ತಾರೆ. ಮಳೆ ಬಂದಾಗ ಕೆಳಗಿನ ಜೇಡಿ ಉಬ್ಬುತ್ತದೆ, ಪಕ್ಕಕ್ಕೆ ಜಾಗವಿಲ್ಲದೆ ಒಂದು ತುಂಡು ಇನ್ನೊಂದರ ಮೇಲೆ ಓರೆಯಾಗಿ ಜಾರುತ್ತದೆ, ಜಾರಿದ ಮುಖ ಉಜ್ಜಿಕೊಂಡು ಹೊಳೆಯುತ್ತದೆ. 60 ಸೆಂಟಿಮೀಟರ್ ಆಳದಿಂದ ಎರಡು ಹಿಡಿಯಷ್ಟು ದೊಡ್ಡ ಹೆಂಟೆಯೊಂದನ್ನು ಎಬ್ಬಿಸಿ, ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಿಡಿಸಿ. ನಿಜವಾದ ಜಾರುಮುಖವಿದ್ದರೆ ಹೆಂಟೆ ಹೆಚ್ಚು ಬಲವಿಲ್ಲದೆ ಓರೆ ಮುಖದಲ್ಲಿ ಬಾಯಿ ತೆರೆಯುತ್ತದೆ. ಆ ಮುಖವನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಎಣ್ಣೆ ಸವರಿದಂಥ ಹೊಳಪು, ಅದರ ಮೇಲೆ ಒಂದೇ ದಿಕ್ಕಿಗೆ ಓಡುವ ಸೂಕ್ಷ್ಮ ಗೀರುಗಳು ಕಾಣುತ್ತವೆ. ಬೆರಳನ್ನು ಗೀರಿನ ದಿಕ್ಕಿಗೆ ಎಳೆದರೆ ನುಣುಪು, ಅಡ್ಡ ಎಳೆದರೆ ತುಸು ತಡೆ. ಕೆಲವೊಮ್ಮೆ ಎರಡು ಮುಖಗಳ ನಡುವೆ ಚಪ್ಪಟೆಯಾಗಿ ಒತ್ತಿಹೋದ ಜೋಳದ ಬೇರು ಸಿಗುತ್ತದೆ. ಬರಿ ಹೊಳಪಿದ್ದು ಗೀರು ಇಲ್ಲದಿದ್ದರೆ ಅದು ಒತ್ತಡದ ಮುಖ ಮಾತ್ರ. ಅದನ್ನು ಹಾಗೆಯೇ ಬರೆಯಿರಿ, ಜಾರುಮುಖವೆಂದು ಏರಿಸಬೇಡಿ.

ಈ ಮುಖಗಳು ಒಂದನ್ನೊಂದು ಕತ್ತರಿಸಿದಾಗ ಮಣ್ಣಿನ ತುಂಡುಗಳು ಎರಡೂ ತುದಿ ಚೂಪಾದ ಬೆಣೆಯ ಆಕಾರ ಪಡೆಯುತ್ತವೆ. ಗೋಡೆಯಲ್ಲಿರುವಾಗಲೇ ಬೆಣೆಯ ಉದ್ದನೆಯ ಅಕ್ಷ ಸಮತಲಕ್ಕೆ ಎಷ್ಟು ಡಿಗ್ರಿ ಓರೆಯಾಗಿದೆ ಎಂದು ಕನಿಷ್ಠ ಐದು ಕಡೆ ಅಳೆಯಿರಿ. ಕಿತ್ತು ಕೈಗೆ ತೆಗೆದುಕೊಂಡ ಮೇಲೆ ಆ ಕೋನ ಮತ್ತೆ ಸಿಗುವುದಿಲ್ಲ. ಜಾರುಮುಖ ಎಷ್ಟು ಆಳದಿಂದ ಶುರುವಾಗಿ ಎಷ್ಟು ಆಳದಲ್ಲಿ ಮುಗಿಯುತ್ತದೆ ಎಂಬುದು ಈ ಇಡೀ ದಾಖಲೆಯ ಅತಿ ಮುಖ್ಯ ಅಂಕಿ.

ಹಂತ 6: ಬಿರುಕುಗಳ ಲೆಕ್ಕ

ಬಿರುಕಿನ ಅಗಲವನ್ನು ನೆಲದ ಮೇಲೆ ಮಾತ್ರ ಅಳೆದರೆ ಸಾಲದು. ಗಟ್ಟಿ ತಂತಿಯನ್ನು ಇಳಿಬಿಟ್ಟು ಆಳ ನೋಡಿ. ಗುಂಡಿಯ ಗೋಡೆಯಲ್ಲಿ 25 ಮತ್ತು 50 ಸೆಂಟಿಮೀಟರ್ ಆಳದಲ್ಲಿನ ಅಗಲವನ್ನು ಬೇರೆ ಬೇರೆ ಬರೆಯಿರಿ. 5 ಮಿಲಿಮೀಟರ್ ಮತ್ತು ಅದಕ್ಕಿಂತ ಅಗಲದ ಬಿರುಕುಗಳನ್ನಷ್ಟೆ ಮುಂದೆ ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಅಗಲಕ್ಕಿಂತಲೂ ಬಿರುಕು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂಬುದು ಹೆಸರನ್ನು ನಿರ್ಧರಿಸುತ್ತದೆ. ಒಂದು ದಿನದ ಭೇಟಿಯಲ್ಲಿ ಇದು ತಿಳಿಯದು; ಹೊಲದವರನ್ನೇ ಕೇಳಬೇಕು. “ಯಜಮಾನ್ರ, ಈ ಬಿರಕು ಯಾವಾಗ ಬಿಡತಾವು, ಯಾವ ಮಳಿಗೆ ಕೂಡತಾವು?” ಎಂದು ಕೇಳಿದರೆ ತಿಂಗಳಿನ ಬದಲು ಮಳೆ ನಕ್ಷತ್ರದ ಹೆಸರಿನಲ್ಲಿ ಖಚಿತವಾದ ಉತ್ತರ ಬರುತ್ತದೆ. ಅದನ್ನು ಪಂಚಾಂಗದ ತಾರೀಖಿಗೆ ಇಳಿಸಿ ದಿನ ಎಣಿಸಿ. ಕಾಲುವೆ ನೀರು ಬರುವ ಹೊಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರಾವರಿ ಇಲ್ಲದ ಸ್ಥಿತಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಪಕ್ಕದ ಮಳೆಯಾಶ್ರಿತ ಎರೆಯನ್ನು ನೋಡಿ ಬರೆಯಿರಿ.

ಹಂತ 7: ಮಾದರಿ ತೆಗೆಯುವುದು

ಕೆಳಗಿನ ಸ್ತರದಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ಉದುರಿದ ಮಣ್ಣು ಕೆಳಗಿನ ಮಾದರಿಗೆ ಬೆರೆಯುತ್ತದೆ. ಬೇಸಿಗೆಯ ಬಿರುಕಿಗೆ ಮೇಲಿನಿಂದ ಬಿದ್ದು ತುಂಬಿಕೊಂಡ ಪುಡಿ ಮಣ್ಣನ್ನು ಬಿಟ್ಟು, ಸ್ತರದ ಗಟ್ಟಿ ಭಾಗದಿಂದ ಒಂದು ಕಿಲೋ ತೆಗೆದುಕೊಳ್ಳಿ. ಚೀಲದೊಳಗೊಂದು, ಹೊರಗೊಂದು ಚೀಟಿ ಇರಲಿ. ಗಾತ್ರ ಸಾಂದ್ರತೆಗಾಗಿ (ಸಹಜ ಹೆಂಟೆಯ ಗಾತ್ರಕ್ಕೆ ಎಷ್ಟು ತೂಕ ಎಂಬ ಲೆಕ್ಕ) ಮುಷ್ಟಿಯಷ್ಟು ದೊಡ್ಡ ಹೆಂಟೆಗಳನ್ನು ಪ್ರತಿ ಸ್ತರದಿಂದ ಮೂರರಂತೆ, ಒಡೆಯದೆ, ಹದ ಆರದಂತೆ ಸುತ್ತಿ ಪ್ರತ್ಯೇಕ ಡಬ್ಬಿಯಲ್ಲಿಡಿ. ಈ ಮಣ್ಣಿನ ಗಾತ್ರ ಸಾಂದ್ರತೆ ತೇವದೊಂದಿಗೆ ಬದಲಾಗುತ್ತದೆ. ಅಳೆದಾಗಿನ ತೇವಾಂಶ ಬರೆಯದ ಸಾಂದ್ರತೆಯ ಅಂಕಿಗೆ ಅರ್ಥವಿಲ್ಲ.

ಹಂತ 8: ಪ್ರಯೋಗಾಲಯದಲ್ಲಿ ಗಮನಿಸಬೇಕಾದ್ದು

ಕಣಗಾತ್ರ ವಿಶ್ಲೇಷಣೆಗೆ ಮೊದಲು ಲವಣವನ್ನು ತೊಳೆದು, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಸಾವಯವ ಅಂಶವನ್ನು, ಆಮ್ಲದಿಂದ ಸುಣ್ಣವನ್ನು ತೆಗೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ ಕಲಕಬೇಕು. ಈ ಯಾವುದನ್ನು ಬಿಟ್ಟರೂ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ರೇವೆಯ ಲೆಕ್ಕಕ್ಕೆ ಹೋಗುತ್ತವೆ. ಬೆರಳಿನ ಪರೀಕ್ಷೆಯಲ್ಲಿ ಗಟ್ಟಿ ಜೇಡಿ ಎಂದು ಕಂಡದ್ದು ವರದಿಯಲ್ಲಿ ಶೇ 25 ಜೇಡಿ ಎಂದು ಬಂದರೆ, ನಿಮ್ಮ ಬೆರಳನ್ನು ಅನುಮಾನಿಸುವ ಮೊದಲು ಕಣ ಬಿಡಿಸಿದ ಕ್ರಮವನ್ನು ಅನುಮಾನಿಸಿ. ಇನ್ನೊಂದು ಗೊಂದಲ ರೇವೆಯ ಮೇಲಿನ ಮಿತಿಯದು: ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಅದು 0.02 ಮಿಲಿಮೀಟರ್, ಅಮೆರಿಕದ ಪದ್ಧತಿಯಲ್ಲಿ 0.05 ಮಿಲಿಮೀಟರ್. ಒಂದರಲ್ಲಿ ಅಳೆದ ಅಂಕಿಯನ್ನು ಇನ್ನೊಂದರ ಕಣಗಾತ್ರ ತ್ರಿಕೋನದಲ್ಲಿ (ಮರಳು, ರೇವೆ, ಜೇಡಿಯ ಪಾಲಿನಿಂದ ವರ್ಗ ತೋರಿಸುವ ನಕ್ಷೆ) ಗುರುತಿಸಬೇಡಿ.

ಲವಣ ಎಷ್ಟಿದೆಯೆಂದು ತೋರಿಸುವ ವಿದ್ಯುತ್ ವಾಹಕತೆಯ ವಿಷಯದಲ್ಲೂ ಹೀಗೆಯೇ. ಮಣ್ಣು ಪರೀಕ್ಷಾ ಕೇಂದ್ರಗಳ ಚೀಟಿಯಲ್ಲಿ ಬರುವುದು ಹೆಚ್ಚಾಗಿ ಮಣ್ಣು ಮತ್ತು ನೀರನ್ನು 1:2.5 ಅನುಪಾತದಲ್ಲಿ ಬೆರೆಸಿದ ದ್ರಾವಣದ ಅಂಕಿ. ವರ್ಗೀಕರಣದ ಮಿತಿಗಳು ಸಂತೃಪ್ತ ಮಣ್ಣಿನ ಸಾರಕ್ಕೆ (ನೀರು ತುಂಬಿ ಮುದ್ದೆಯಾದ ಮಣ್ಣಿನಿಂದ ಹೀರಿ ತೆಗೆದ ದ್ರವಕ್ಕೆ) ಸಂಬಂಧಿಸಿದವು, ಆ ಅಂಕಿ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಸುಣ್ಣವಿರುವ ಮಣ್ಣಿನಲ್ಲಿ, ಜೇಡಿ ಹಿಡಿದಿಟ್ಟ ಅಯಾನುಗಳನ್ನು ಬಿಡಿಸಲು ಹಾಕುವ ಅಮೋನಿಯಂ ಅಸಿಟೇಟ್ ದ್ರಾವಣ ಸುಣ್ಣವನ್ನೂ ತುಸು ಕರಗಿಸುವುದರಿಂದ ವಿನಿಮಯ ಕ್ಯಾಲ್ಸಿಯಂ ಉಬ್ಬಿ ಕಾಣುತ್ತದೆ. ಧನ ಅಯಾನುಗಳ ಮೊತ್ತ ವಿನಿಮಯ ಸಾಮರ್ಥ್ಯವನ್ನು (ಮಣ್ಣು ಧನ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು) ಮೀರಿದ್ದರೆ ಅದೇ ಅದರ ಸೂಚನೆ. ಸೋಡಿಯಂ ಶೇಕಡಾವಾರನ್ನು ಆ ಮೊತ್ತದಿಂದಲ್ಲದೆ, ನೇರವಾಗಿ ಅಳೆದ ವಿನಿಮಯ ಸಾಮರ್ಥ್ಯದಿಂದ ಲೆಕ್ಕ ಹಾಕಿ.

ಉಬ್ಬು ಕುಗ್ಗುವಿಕೆಯನ್ನು ನೀವೇ ಅಳೆಯಬಹುದು. ಮಣ್ಣನ್ನು ಮುದ್ದೆ ಮಾಡಿ, ಸೂಜಿ ತೆಗೆದ ಸಿರಿಂಜಿನ ತುದಿ ಕತ್ತರಿಸಿ ಅದರಿಂದ ಕಡ್ಡಿಯಂತೆ ಒತ್ತಿ, ಒದ್ದೆಯಿರುವಾಗ ಉದ್ದ ಅಳೆದು, ನೆರಳಿನಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಎರಡು ಉದ್ದಗಳ ವ್ಯತ್ಯಾಸವನ್ನು ಒಣ ಉದ್ದದಿಂದ ಭಾಗಿಸಿದರೆ ವಿಸ್ತರಣಾಂಕ ಸಿಗುತ್ತದೆ. 0.06 ದಾಟಿದರೆ ಹೆಚ್ಚು, 0.09 ದಾಟಿದರೆ ಅತಿ ಹೆಚ್ಚು. ಮುದ್ದೆ ಮಾಡಿದ ಮಣ್ಣು ಸಹಜ ಹೆಂಟೆಗಿಂತ ತುಸು ಹೆಚ್ಚು ಕುಗ್ಗುತ್ತದೆ ಎಂಬುದು ನೆನಪಿರಲಿ.

ಹಂತ 9: ಹೆಸರನ್ನು ತಲುಪುವುದು

ಭಾರತದ ಮಣ್ಣು ಸಮೀಕ್ಷೆಯಲ್ಲಿ ಬಳಕೆಯಲ್ಲಿರುವುದು ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಹೊರತಂದು ಆಗಾಗ ಪರಿಷ್ಕರಿಸುತ್ತಿರುವ ವರ್ಗೀಕರಣ. ಇದರ ಕೀಲಿಯನ್ನು, ಅಂದರೆ ಗಣ, ಉಪಗಣ, ಮಹಾಗುಂಪು, ಉಪಗುಂಪು, ಕುಟುಂಬ ಎಂದು ಇಳಿಯುವ ಪ್ರಶ್ನೆಗಳ ಪಟ್ಟಿಯನ್ನು, ಮೇಲಿನಿಂದ ಕೆಳಗೆ, ಒಂದೊಂದಾಗಿ ತಳ್ಳಿಹಾಕುತ್ತ ಓದಬೇಕು. ನಡುವೆ ಜಿಗಿದು ಇಷ್ಟವಾದ ಹೆಸರನ್ನು ಹೆಕ್ಕುವಂತಿಲ್ಲ.

ಮೊದಲ ಪ್ರಶ್ನೆ ವರ್ಟಿಸಾಲ್ ಹೌದೇ ಅಲ್ಲವೇ ಎಂಬುದು. ಇದಕ್ಕೆ ಮೂರು ಷರತ್ತುಗಳೂ ಒಟ್ಟಿಗೆ ಕೂಡಬೇಕು. ಮೇಲ್ಮೈಯಿಂದ 100 ಸೆಂಟಿಮೀಟರ್ ಒಳಗೆ ಆರಂಭವಾಗುವ, ಕನಿಷ್ಠ 25 ಸೆಂಟಿಮೀಟರ್ ದಪ್ಪದ ಒಂದು ಪದರದಲ್ಲಿ ಜಾರುಮುಖಗಳಿರಬೇಕು, ಇಲ್ಲವೇ 10ರಿಂದ 60 ಡಿಗ್ರಿ ಓರೆಯಾದ ಬೆಣೆಯಾಕಾರದ ತುಂಡುಗಳಿರಬೇಕು. ಉಳುಮೆಯ ಪದರದಿಂದ 50 ಸೆಂಟಿಮೀಟರ್‌ವರೆಗೆ ಎಲ್ಲ ಸ್ತರಗಳಲ್ಲೂ ಜೇಡಿ ಶೇ 30ಕ್ಕೆ ಕಡಿಮೆ ಇರಬಾರದು. ಬಿರುಕುಗಳು ಕಾಲಕಾಲಕ್ಕೆ ತೆರೆದು ಮುಚ್ಚುತ್ತಿರಬೇಕು. ಕಪ್ಪು ಬಣ್ಣ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ.

ಒಂದು ಷರತ್ತು ತಪ್ಪಿದರೂ ಮಣ್ಣು ಬೇರೆ ವರ್ಗಕ್ಕೆ ಹೋಗುತ್ತದೆ. ಕೆಳ ಜಗಲಿಗಳಲ್ಲಿ ಇದು ಪದೇ ಪದೇ ಕಾಣುತ್ತದೆ: ಜೇಡಿಯ ನಡುವೆ ಒಂದು ಗೇಣು ರೇವೆ ಮರಳಿನ ಪಟ್ಟಿ ಬಂದು ಜಾರುವಿಕೆ ತುಂಡಾಗಿರುತ್ತದೆ. ಅಲ್ಲಿ ವರ್ಟಿಕ್ ಹ್ಯಾಪ್ಲುಸ್ಟೆಪ್ಟ್‌ನಂಥ ಹೆಸರು (ವರ್ಟಿಸಾಲ್‌ನ ಕೆಲವು ಲಕ್ಷಣಗಳಷ್ಟೇ ಇರುವ, ಇನ್ನೂ ಪೂರ್ಣ ಬೆಳೆಯದ ಮಣ್ಣು) ಸರಿಹೋಗಬಹುದು. ಸಾವಯವ ಇಂಗಾಲ ಆಳಕ್ಕೆ ಹೋದಂತೆ ಕ್ರಮವಾಗಿ ಇಳಿಯದೆ ನಡುವೆ ಮತ್ತೆ ಏರಿದ್ದರೆ, ನದಿ ಪದರ ಪದರವಾಗಿ ಹಾಕಿದ ಗುರುತು ಇನ್ನೂ ಅಳಿಸಿಲ್ಲವೆಂದು ಅರ್ಥ. ಆಗ ಫ್ಲುವೆಂಟಿಕ್ ಉಪಗುಂಪುಗಳನ್ನೂ ಪರಿಶೀಲಿಸಬೇಕು.

ವರ್ಟಿಸಾಲ್ ಎಂದು ಖಚಿತವಾದ ಮೇಲೆ ಉಪಗಣ. ಬಹುಕಾಲ ನೀರು ನಿಂತು ಬೂದು ಚುಕ್ಕೆಗಳು ಮೂಡಿದ್ದರೆ ಮೊದಲು ಅಕ್ವರ್ಟ್ ಅನ್ನು ನೋಡಿ. ಅದು ಅಲ್ಲವಾಗಿ, ಮೇಲಿನ 50 ಸೆಂಟಿಮೀಟರ್ ಒಳಗೆ 25 ಸೆಂಟಿಮೀಟರ್ ದಪ್ಪದಷ್ಟಾದರೂ ಹಾದುಹೋಗುವ ಬಿರುಕುಗಳು ವರ್ಷಕ್ಕೆ ಒಟ್ಟು 90 ದಿನ ಅಥವಾ ಹೆಚ್ಚು ತೆರೆದಿದ್ದರೆ ಅಸ್ಟರ್ಟ್. ಕರ್ನಾಟಕದ ಉತ್ತರದ ಜಿಲ್ಲೆಗಳ ಎರೆ ಬಹುಪಾಲು ಇಲ್ಲಿಗೆ ಬರುತ್ತದೆ. ಮುಂದಿನ ಹಂತವಾದ ಮಹಾಗುಂಪಿನಲ್ಲಿ 100 ಸೆಂಟಿಮೀಟರ್ ಒಳಗೆ ಲವಣದ ಸ್ತರ, ಜಿಪ್ಸಮ್ ಸ್ತರ, ಸುಣ್ಣದ ಸ್ತರ ಇವೆಯೇ ಎಂದು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಸುಣ್ಣದ ಹರಳು ಕಂಡ ಕೂಡಲೇ ಕ್ಯಾಲ್ಸಿಅಸ್ಟರ್ಟ್ ಎಂದು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಕನಿಷ್ಠ 15 ಸೆಂಟಿಮೀಟರ್ ದಪ್ಪ, ಶೇ 15 ಸುಣ್ಣ, ಮತ್ತು ಅದು ಅಲ್ಲಿಯೇ ಕೂಡಿಕೊಂಡದ್ದೆಂಬ ಪುರಾವೆ, ಇಷ್ಟಿದ್ದರೆ ಮಾತ್ರ ಅದು ಕ್ಯಾಲ್ಸಿಕ್ ಸ್ತರ. ಯಾವುದೂ ಇಲ್ಲದೆ ಆಮ್ಲೀಯವೂ ಅಲ್ಲದಿದ್ದರೆ ಹ್ಯಾಪ್ಲಸ್ಟರ್ಟ್.

ಉಪಗುಂಪಿನಲ್ಲಿ ಸೋಡಿಯಂ ಮುಖ್ಯ. ಮೇಲಿನ 100 ಸೆಂಟಿಮೀಟರ್ ಒಳಗೆ ವಿನಿಮಯ ಸೋಡಿಯಂ ಶೇ 15 ಮುಟ್ಟಿದ್ದರೆ ಸೋಡಿಕ್. ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟುಗಳಲ್ಲಿ ಸವುಳು ಹತ್ತಿದ ಹೊಲಗಳಿರುವುದರಿಂದ ಈ ಪ್ರಶ್ನೆಯನ್ನು ಹಾರಿಸಿ ಹೋಗಬೇಡಿ. ಬಿರುಕು 210 ದಿನ ಅಥವಾ ಹೆಚ್ಚು ತೆರೆದಿದ್ದರೆ ಅರಿಡಿಕ್, 150ಕ್ಕಿಂತ ಕಡಿಮೆಯಿದ್ದರೆ ಯುಡಿಕ್. ಇವೆರಡರ ನಡುವಿದ್ದು ಬೇರೆ ಯಾವ ಲಕ್ಷಣವೂ ಅಡ್ಡ ಬರದಿದ್ದರೆ ಟಿಪಿಕ್.

ಕೊನೆಗೆ ಕುಟುಂಬದ ವಿಶೇಷಣಗಳು. 25ರಿಂದ 100 ಸೆಂಟಿಮೀಟರ್ ಆಳದ ಸರಾಸರಿ ಜೇಡಿ ಶೇ 60ಕ್ಕಿಂತ ಕಡಿಮೆಯಿದ್ದರೆ ಫೈನ್, ಅಷ್ಟು ಅಥವಾ ಹೆಚ್ಚಿದ್ದರೆ ವೆರಿ ಫೈನ್. ಸರಾಸರಿ ತೆಗೆಯುವಾಗ ಸ್ತರದ ದಪ್ಪದಿಂದ ಗುಣಿಸುವುದನ್ನು ಮರೆಯಬೇಡಿ. ಸ್ಮೆಕ್ಟೈಟ್ ಎಂಬ, ನೀರು ಹೀರಿ ಉಬ್ಬುವ ಜೇಡಿ ಖನಿಜ ಮಿಕ್ಕವುಗಳಿಗಿಂತ ಹೆಚ್ಚಿದ್ದರೆ ಸ್ಮೆಕ್ಟಿಟಿಕ್. ಎಕ್ಸ್‌ರೇ ಪರೀಕ್ಷೆ ಸಾಧ್ಯವಾಗದಿದ್ದಾಗ ವಿನಿಮಯ ಸಾಮರ್ಥ್ಯವನ್ನು ಜೇಡಿಯ ಶೇಕಡಾವಾರಿನಿಂದ ಭಾಗಿಸಿ, 0.7ರ ಮೇಲೆ ಬಂದರೆ ಸ್ಮೆಕ್ಟೈಟ್ ಎಂದು ಊಹಿಸಬಹುದು, ಆದರೆ ಊಹೆ ಎಂದೇ ಬರೆಯಬೇಕು. ಮಣ್ಣಿನ ವಾರ್ಷಿಕ ಸರಾಸರಿ ಉಷ್ಣತೆ 22 ಡಿಗ್ರಿ ಅಥವಾ ಹೆಚ್ಚಿದ್ದು, ಬೇಸಿಗೆ ಚಳಿಗಾಲಗಳ ಅಂತರ 6 ಡಿಗ್ರಿಗಿಂತ ಕಡಿಮೆಯಿದ್ದರೆ ಐಸೊಹೈಪರ್‌ಥರ್ಮಿಕ್.

ಒಂದು ಗುಂಡಿಯನ್ನು ಊಹಿಸಿಕೊಳ್ಳಿ: ಜೇಡಿ ಮೇಲೆ ಶೇ 52, ಕೆಳಗೆ ಶೇ 58, ಜಾರುಮುಖ 45ರಿಂದ 120 ಸೆಂಟಿಮೀಟರ್‌ವರೆಗೆ, ಬಿರುಕು 180 ದಿನ, ಸುಣ್ಣ ಶೇ 9, ಸೋಡಿಯಂ ಶೇ 6, 140ರ ಕೆಳಗೆ ಹೊಳೆಗಲ್ಲು, ಸ್ಮೆಕ್ಟೈಟ್ ಹೆಚ್ಚು, ಉಷ್ಣತೆ ಮೇಲೆ ಹೇಳಿದ ಮಿತಿಯಲ್ಲಿ. ಇದರ ಪೂರ್ಣ ಹೆಸರು ಫೈನ್, ಸ್ಮೆಕ್ಟಿಟಿಕ್, ಐಸೊಹೈಪರ್‌ಥರ್ಮಿಕ್ ಟಿಪಿಕ್ ಹ್ಯಾಪ್ಲಸ್ಟರ್ಟ್. ಇದೇ ಗುಂಡಿಯಲ್ಲಿ 80 ಸೆಂಟಿಮೀಟರ್ ಆಳದಲ್ಲಿ ಸೋಡಿಯಂ ಶೇ 17 ಎಂದು ಬಂದಿದ್ದರೆ ಟಿಪಿಕ್ ಹೋಗಿ ಸೋಡಿಕ್ ಬರುತ್ತಿತ್ತು, ಬಣ್ಣವೂ ಬಿರುಕೂ ಕಿಂಚಿತ್ತೂ ಬದಲಾಗದೆ.

ಹಂತ 10: ಆಗರ್ ಪರಿಶೀಲನೆ ಮತ್ತು ಗುಂಡಿ ಮುಚ್ಚುವುದು

ಒಂದು ಗುಂಡಿಯ ಹೆಸರನ್ನು ಇಡೀ ಜಗಲಿಗೆ ಹಚ್ಚುವ ಮೊದಲು ಹೊಳೆಗೆ ಸಮಾನಾಂತರವಾಗಿ ಮತ್ತು ಅಡ್ಡವಾಗಿ ನಾಲ್ಕೈದು ಕಡೆ ಆಗರ್ ಇಳಿಸಿ, ಜೇಡಿಯ ಆಳವೂ ಕೆಳಗಿನ ಮರಳಿನ ಪದರವೂ ಎಲ್ಲೆಲ್ಲಿ ಬದಲಾಗುತ್ತವೆ ಎಂದು ನೋಡಿ. ಆಗರಿನಲ್ಲಿ ಬಂದ ಮಣ್ಣಿನಲ್ಲಿ ಜಾರುಮುಖ ಹುಡುಕಬೇಡಿ. ಆಗರ್ ತಿರುಗುವಾಗ ತಾನೇ ಹೊಳಪು ಬರಿಸುತ್ತದೆ.

ಆ ದಿನವೇ ಗುಂಡಿ ಮುಚ್ಚಿ. ರಾತ್ರಿ ಬಿಡಲೇಬೇಕಾದರೆ ಸುತ್ತ ಮುಳ್ಳು ಹಾಕಿಸಿ, ಏಕೆಂದರೆ ಕೊಯ್ಲಾದ ಹೊಲಕ್ಕೆ ದನ ಕುರಿ ಬಿಡುತ್ತಾರೆ. ಮುಚ್ಚುವಾಗ ಕೆಳಗಿನ ಮಣ್ಣಿನ ಗುಡ್ಡೆ ಮೊದಲು, ಅಡಿ ಅಡಿಗೂ ತುಳಿದು. ಮೇಲಿನ ಮಣ್ಣಿನ ಗುಡ್ಡೆ ಕೊನೆಗೆ, ಒಂದು ಗೇಣು ಉಬ್ಬಾಗಿ. ಸುಣ್ಣದ ಹರಳಿನ ತಳಮಣ್ಣು ಮೇಲೆ ಉಳಿದರೆ ಆ ಜಾಗದಲ್ಲಿ ಜೋಳ ವರ್ಷಗಟ್ಟಲೆ ಹಳದಿಯಾಗಿ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಹೋಗಿ, ಮಣ್ಣು ಕುಸಿದು ತಗ್ಗು ಬಿದ್ದಿದ್ದರೆ ತುಂಬಿಸಿ ಬನ್ನಿ.